ಕಳೆದುಹೋದ ನಾಬ್‌ಗೆ ಪಡಿಯಚ್ಚು: ಮನೆಯಲ್ಲೇ ಸಿಲಿಕೋನ್ ಅಚ್ಚು, ರೆಸಿನ್ ಎರಕ

ಇವತ್ತಿನ ಮಾತು ಬಹಳ ಸಣ್ಣ ಸಾಮಾನುಗಳ ಬಗ್ಗೆ.

ಬೆಂಗಳೂರಿಂದನೋ ಮೈಸೂರಿಂದನೋ ಚೆನ್ನೈಗೆ ಮನೆ ಸಾಗಿಸಿದವರಿಗೆಲ್ಲ ಇದು ಗೊತ್ತಿರೋ ವಿಷಯ. ಫ್ರಿಜ್ಜು, ಮಂಚ, ಬೀರು ಎಲ್ಲ ಸರಿಯಾಗಿ ಬಂದು ಇಳಿಯುತ್ತೆ. ಕಾಣೆಯಾಗೋದು 20 ಗ್ರಾಂ ತೂಗುವ ವಸ್ತು. ತಾತನ ಕಾಲದ ರೇಡಿಯೋದ ಒಂದು ನಾಬ್, ಹಾರ್ಮೋನಿಯಂನಲ್ಲಿ ಎಳೆಯೋ ಒಂದು ಗುಂಡಿ, ಅಜ್ಜಿಯ ಬೀರುವಿನ ಒಂದು ಹಿಡಿ, ದಸರಾ ಬೊಂಬೆ ಸೆಟ್ಟಿನ ಒಂದು ಪುಟ್ಟ ಮೃದಂಗ. ಕಂಪನಿ ಆ ಮಾಡೆಲ್ಲನ್ನ ಎಂದೋ ನಿಲ್ಲಿಸಿದೆ. ಆನ್‌ಲೈನ್‌ನಲ್ಲಿ ಸಿಗೋದು ಅಳತೆಗೆ ಹೊಂದಲ್ಲ, ಹೊಂದಿದರೂ ಪಕ್ಕದ ನಾಬ್ ಜೊತೆ ಇಟ್ಟರೆ ಬೇರೆಯಾಗಿ ಕಾಣುತ್ತೆ. ಒಂದು ಗುಂಡಿ ಇಲ್ಲ ಅನ್ನೋ ಕಾರಣಕ್ಕೆ ಇಡೀ ರೇಡಿಯೋ ಲಾಫ್ಟ್ ಸೇರುತ್ತೆ. ಮುಂದಿನ ಸಲ ಮನೆ ಬದಲಾಯಿಸುವಾಗ ಹಳೇ ಸಾಮಾನಿನವರ ಗಾಡಿ ಹತ್ತುತ್ತೆ.

ಆದರೆ ಜೋಡಿಯಲ್ಲಿ ಒಂದು ಉಳಿದಿದ್ದರೆ ಇನ್ನೊಂದನ್ನ ನಾವೇ ಮಾಡಿಕೊಳ್ಳಬಹುದು. ಉಳಿದ ನಾಬ್‌ನಿಂದ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ಅದರೊಳಗೆ ರೆಸಿನ್ ಹೊಯ್ಯೋದು. ನಾಲ್ಕೈದು ದಿನದ ಕೆಲಸ, ಅದರಲ್ಲಿ ನಿಮ್ಮ ಕೈಕೆಲಸ ಒಟ್ಟು ಮೂರು ಗಂಟೆ. ಉಳಿದಿದ್ದೆಲ್ಲ ಕಾಯೋದು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದರಲ್ಲಿ ರೆಸಿನ್ ಹೊಯ್ಯೋದು ಕೊನೆಯ ಐದು ನಿಮಿಷ. ನಾಬ್ ಚೆನ್ನಾಗಿ ಬರುತ್ತೋ ಇಲ್ಲವೋ ಅನ್ನೋದು ಅದಕ್ಕೂ ಮುಂಚೆ, ತಯಾರಿಯಲ್ಲೇ ತೀರ್ಮಾನ ಆಗಿರುತ್ತೆ.

ಸಕ್ಕರೆ ಅಚ್ಚು ಗೊತ್ತಿದ್ದರೆ ಅರ್ಧ ಗೊತ್ತು

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡೋದನ್ನ ನೋಡಿದ್ದೀರಾ? ಮರದ ಅಚ್ಚನ್ನ ನೀರಲ್ಲಿ ನೆನೆಸಿಡ್ತಾರೆ. ಎರಡೋ ಮೂರೋ ಹಲಗೆ ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಮೇಲಿನ ತೂತಿನಿಂದ ಪಾಕ ಹೊಯ್ತಾರೆ. ಆರಿದ ಮೇಲೆ ಬಿಡಿಸಿದರೆ ಆನೆ, ಗಿಳಿ, ತುಳಸಿಕಟ್ಟೆ.

ಈ ಕೆಲಸದ ಎಲ್ಲ ಪಾಠ ಅದರಲ್ಲೇ ಇದೆ. ನೀರಲ್ಲಿ ನೆನೆಸೋದು ಪಾಕ ಅಂಟದಿರಲಿ ಅಂತ. ಹಲಗೆಗಳು ಸರಿಯಾಗಿ ಕೂರದಿದ್ದರೆ ಆನೆಗೆ ಬೆನ್ನ ಮೇಲೆ ಗೆರೆ ಬರುತ್ತೆ. ಪಾಕ ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತೆ. ವ್ಯತ್ಯಾಸ ಒಂದೇ. ಮರ ಬಗ್ಗಲ್ಲ, ಹಾಗಾಗಿ ಒಳಕ್ಕೆ ಕೊರೆದ ಮಡಿಕೆಗಳಿದ್ದರೆ ಸಕ್ಕರೆ ಆನೆ ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತೆ. ಸಿಲಿಕೋನ್ ರಬ್ಬರ್ ಬಗ್ಗುತ್ತೆ, ಎಳೆದರೆ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ. ನಾಬ್‌ನ ಅಂಚಿನ ಸಣ್ಣ ಸಣ್ಣ ಹಲ್ಲುಗಳು, ಮುಖದ ಮೇಲಿನ ಗೀರು, ನಿಮ್ಮ ಬೆರಳಚ್ಚು, ಎಲ್ಲವನ್ನೂ ಅದು ಹಾಗೇ ಎತ್ತಿಕೊಳ್ಳುತ್ತೆ.

ತಮಿಳುನಾಡಿನಲ್ಲಿ ಎರಕ ಅಂದ ಕೂಡಲೇ ನೆನಪಾಗೋದು ಕುಂಭಕೋಣಂ ಹತ್ತಿರದ ಸ್ವಾಮಿಮಲೈ. ಅಲ್ಲಿನ ಸ್ಥಪತಿಗಳು ಮೊದಲು ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಕಾವೇರಿಯ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಖಾಲಿ ಜಾಗಕ್ಕೆ ಪಂಚಲೋಹ ಹೊಯ್ತಾರೆ. ಮೂರ್ತಿ ಹೊರಗೆ ತೆಗೆಯೋಕೆ ಮಣ್ಣಿನ ಅಚ್ಚನ್ನ ಒಡೀಲೇಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ. ಈ ಪದ್ಧತಿಯ ಹಳೇ ಕೆಲಸ ನೋಡಬೇಕಿದ್ದರೆ ಅಣ್ಣಾ ನಗರ್ ಟವರ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿ ಎಗ್ಮೋರ್‌ನಲ್ಲಿ ಇಳಿಯಿರಿ. ಅಲ್ಲಿನ ಸರ್ಕಾರಿ ಮ್ಯೂಸಿಯಂನಲ್ಲಿ ಚೋಳರ ಕಾಲದ ಕಂಚಿನ ವಿಗ್ರಹಗಳಿವೆ. ನಮ್ಮ ಕೆಲಸ ಇದಕ್ಕೆ ತದ್ವಿರುದ್ಧ. ನಮಗೆ ಅಸಲೂ ಉಳೀಬೇಕು, ಅಚ್ಚೂ ಉಳೀಬೇಕು, ಒಂದಲ್ಲ ಹತ್ತು ಸಲ ಹೊಯ್ಯೋ ಹಾಗಿರಬೇಕು.

ಏನು ಮಾಡಬಹುದು, ಏನು ಬೇಡ

ನಾಬ್, ಹಿಡಿ, ಗುಂಡಿ, ಬೊಂಬೆಯ ಕೈ, ಚೆಸ್ ಕಾಯಿ, ಗಡಿಯಾರದ ಅಲಂಕಾರದ ತುಣುಕು, ಇವೆಲ್ಲ ಸರಿ. ಪ್ರೆಷರ್ ಕುಕ್ಕರಿನ ವೆಯ್ಟ್ ಅಥವಾ ಸೇಫ್ಟಿ ವಾಲ್ವ್, ಗ್ಯಾಸ್ ರೆಗ್ಯುಲೇಟರಿನ ಭಾಗ, ಕರೆಂಟ್ ಹರಿಯೋ ಪ್ಲಗ್ ಅಥವಾ ಸಾಕೆಟ್, ಗಾಡಿಯ ಬ್ರೇಕಿಗೆ ಸಂಬಂಧಪಟ್ಟಿದ್ದು, ಹೆಲ್ಮೆಟ್ಟಿನ ಬಕಲ್, ಇವನ್ನ ಮನೆ ರೆಸಿನ್‌ನಲ್ಲಿ ಮಾಡಲೇಬೇಡಿ. ಆಕಾರ ಒಂದೇ ಥರ ಬರುತ್ತೆ, ಬಲ ಬರಲ್ಲ, ಬಿಸಿ ತಡೆಯಲ್ಲ. ಊಟ, ನೀರು ತಾಗೋ ಸಾಮಾನೂ ಬೇಡ.

ಇನ್ನೊಂದು ಮಾತು. ನಿಮ್ಮ ರೇಡಿಯೋಗೆ ನೀವು ನಾಬ್ ಮಾಡಿಕೊಳ್ಳೋದು ರಿಪೇರಿ. ಮೈಲಾಪುರದ ಮಾಡ ಬೀದಿಯಲ್ಲಿ ಕೊಂಡ ಬೊಂಬೆಗೆ ಅಚ್ಚು ತೆಗೆದು ಐವತ್ತು ಮಾಡಿ ಮಾರೋದು ಆ ಬೊಂಬೆ ಮಾಡಿದವರ ಅನ್ನಕ್ಕೆ ಕೈ ಹಾಕಿದ ಹಾಗೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

"3ಡಿ ಪ್ರಿಂಟ್ ಮಾಡಿಸಬಹುದಲ್ಲ?" ಅಂತ ನಮ್ಮ ಜನ ಕೇಳೇ ಕೇಳ್ತಾರೆ. ಮಾಡಿಸಬಹುದು. ಅದಕ್ಕೆ ಯಾರಾದರೂ ನಾಬ್ ಅಳೆದು ಮಾಡೆಲ್ ಬರೀಬೇಕು. ಬಂದ ಪ್ರಿಂಟಿನ ಮೇಲೆ ಪದರದ ಗೆರೆ ಇರುತ್ತೆ, ಅದನ್ನ ಉಜ್ಜಬೇಕು. ಅಸಲು ಪೂರ್ತಿ ಇಲ್ಲವೇ ಇಲ್ಲ ಅನ್ನೋವಾಗ ಅದೇ ದಾರಿ. ಅಸಲು ಕೈಯಲ್ಲಿದ್ದರೆ ಅಚ್ಚು ತೆಗೆಯೋದೇ ಸುಲಭ, ಅಳತೆ ತೆಗೆಯೋ ಕೆಲಸವೇ ಇಲ್ಲ.

ಎರಡು ಥರದ ಸಿಲಿಕೋನ್

ಅಂಗಡಿಯಲ್ಲಿ "ಆರ್‌ಟಿವಿ ಸಿಲಿಕೋನ್ ರಬ್ಬರ್, ಅಚ್ಚು ಮಾಡೋಕೆ" ಅಂತ ಕೇಳಿ. ತಮಿಳಿನಲ್ಲೂ ಅಚ್ಚಿಗೆ ಅಚ್ಚು ಅಂತಲೇ ಹೇಳೋದು, ಭಾಷೆಯ ತೊಂದರೆ ಇಲ್ಲ. ಬಾತ್‌ರೂಮ್ ಸಂದಿಗೆ ಹಾಕೋ ಟ್ಯೂಬ್ ಸಿಲಿಕೋನ್ ಬೇರೆ, ಅದನ್ನ ಕೊಡೋಕೆ ಬಂದರೆ ಬೇಡ ಅನ್ನಿ. ಫೈಬರ್‌ಗ್ಲಾಸ್ ಕೆಲಸದ ಸಾಮಾನು ಮಾರೋ ಅಂಗಡಿಗಳಲ್ಲಿ ಸಿಲಿಕೋನ್, ರೆಸಿನ್, ಬಣ್ಣ ಮೂರೂ ಒಟ್ಟಿಗೆ ಸಿಗುತ್ತೆ. ಅಣ್ಣಾ ನಗರ್‌ನವರಿಗೆ ಪಾಡಿ, ಅಂಬತ್ತೂರು ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇದೆ. ಈ ಬಡಾವಣೆಯ ಗುರುತಾಗಿರೋ ಟವರ್ ಕೂಡ 1968ರ ಕೈಗಾರಿಕಾ ಮೇಳಕ್ಕೆ ಕಟ್ಟಿದ್ದು, ಅದಕ್ಕೆ ಇಟ್ಟಿರೋ ಹೆಸರು ನಮ್ಮ ವಿಶ್ವೇಶ್ವರಯ್ಯನವರದು.

ಒಂದು ಥರ, ತವರದ ಕ್ಯಾಟಲಿಸ್ಟ್ ಹಾಕಿ ಗಟ್ಟಿಯಾಗೋದು. ನೂರು ಗ್ರಾಂ ರಬ್ಬರಿಗೆ 2ರಿಂದ 5 ಗ್ರಾಂ ಹಾರ್ಡನರ್, ಡಬ್ಬಿ ಮೇಲೆ ಬರೆದ ಪ್ರಕಾರ. ಅಗ್ಗ, ಏನಿದ್ದರೂ ಹೊಂದಿಕೊಳ್ಳುತ್ತೆ. ಆದರೆ ಕಾಲ ಕಳೆದ ಹಾಗೆ ಸ್ವಲ್ಪ ಕುಗ್ಗುತ್ತೆ, ಕೆಲವು ವರ್ಷಕ್ಕೆ ಹರಿಯೋಕೆ ಶುರುವಾಗುತ್ತೆ.

ಇನ್ನೊಂದು ಪ್ಲಾಟಿನಂ ಥರ. ಸಾಮಾನ್ಯವಾಗಿ ಎರಡು ಡಬ್ಬಿ ಸಮಸಮ ಕಲಸೋದು. ಕುಗ್ಗೋದು ಇಲ್ಲವೇ ಇಲ್ಲ ಅನ್ನಬಹುದು, ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಗಂಧಕ ತಾಗಿದರೆ ಇದು ಗಟ್ಟಿಯಾಗೋದೇ ಇಲ್ಲ, ಅಂಟಂಟಾಗಿ ಉಳಿಯುತ್ತೆ. ಗಂಧಕ ಎಲ್ಲಿರುತ್ತೆ ಅಂದರೆ ಕೆಲವು ಮಾಡೆಲಿಂಗ್ ಕ್ಲೇಗಳಲ್ಲಿ, ಲೇಟೆಕ್ಸ್ ಗ್ಲೌಸ್‌ನಲ್ಲಿ. ರೆಸಿನ್‌ನಲ್ಲಿ ಪ್ರಿಂಟ್ ಮಾಡಿದ 3ಡಿ ತುಣುಕುಗಳೂ ಇದನ್ನ ಕೆಡಿಸುತ್ತವೆ. ಮೊದಲ ಸಲಕ್ಕೆ ತವರದ ಥರವೇ ಸಾಕು. 35 ಮಿ.ಮೀ. ಅಗಲದ ನಾಬ್ ಅರ್ಧ ಶೇಕಡಾ ಕುಗ್ಗಿದರೂ 0.2 ಮಿ.ಮೀ. ಕೂಡ ಆಗಲ್ಲ, ಕಣ್ಣಿಗೆ ಕಾಣಲ್ಲ.

ಚೆನ್ನೈ ಹವೆಯನ್ನೂ ಲೆಕ್ಕಕ್ಕೆ ಹಿಡೀರಿ

ಡಬ್ಬಿ ಮೇಲೆ "ಕೆಲಸದ ಸಮಯ 30 ನಿಮಿಷ" ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 23ರಿಂದ 25 ಡಿಗ್ರಿಗೆ ಹೇಳಿದ ಮಾತು. ಬೆಂಗಳೂರಿನಲ್ಲಿ ಅದು ನಡೆಯುತ್ತೆ. ಸುಮಾರು 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆ ಎರಡರಷ್ಟು ವೇಗ ಆಗುತ್ತೆ ಅನ್ನೋದು ಅಂದಾಜಿನ ಲೆಕ್ಕ. ಅಂದರೆ 35 ಡಿಗ್ರಿಯ ಚೆನ್ನೈ ಮಧ್ಯಾಹ್ನ ನಿಮಗೆ ಸಿಗೋದು 15 ನಿಮಿಷ. ಮೇ ತಿಂಗಳ ಅಗ್ನಿ ನಕ್ಷತ್ರದಲ್ಲಿ ಇನ್ನೂ ಕಮ್ಮಿ. ಹಾಗಾಗಿ ಬೆಳಗ್ಗೆ ಆರೂವರೆಗೆ ಕೆಲಸ ಶುರು ಮಾಡಿ, ಇಲ್ಲಾಂದ್ರೆ ಡಬ್ಬಿಗಳನ್ನ ಹಿಂದಿನ ರಾತ್ರಿ ಎಸಿ ಇರೋ ಕೋಣೆಯಲ್ಲಿ ಇಟ್ಟಿರಿ.

ಎರಡನೆಯದು ತೇವ. ತವರದ ಸಿಲಿಕೋನ್‌ಗೆ ಗಾಳಿಯ ತೇವ ಬೇಕೇ ಬೇಕು, ಚೆನ್ನೈ ಅದಕ್ಕೆ ಒಳ್ಳೆ ಊರು. ಪಾಲಿಯುರೆಥೇನ್ ರೆಸಿನ್‌ಗೆ ಅದೇ ತೇವ ಶತ್ರು. ನೀರಿನ ಅಂಶ ಸೇರಿದರೆ ಒಳಗೆ ಅನಿಲ ಹುಟ್ಟಿ, ಗಟ್ಟಿ ನಾಬ್ ಬದಲು ಬ್ರೆಡ್ ಥರ ತೂತು ತೂತಾಗಿ ಬರುತ್ತೆ. ಇಲ್ಲಿನ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್. ಆ ತಿಂಗಳುಗಳಲ್ಲಿ ತೆರೆದ ಪಾಲಿಯುರೆಥೇನ್ ಬಾಟಲಿ ಬಹಳ ದಿನ ಉಳಿಯಲ್ಲ.

ಅಸಲನ್ನ ತಯಾರು ಮಾಡೋದು

ಇನ್ನು ಕೆಲಸ. ನಮ್ಮ ನಾಬ್ 3.5 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರ ಅಂತ ಇಟ್ಟುಕೊಳ್ಳೋಣ. ಹಿಂದೆ ಶಾಫ್ಟ್ ಕೂರೋ 6 ಮಿ.ಮೀ. ತೂತು.

ಸೋಪು ನೀರಲ್ಲಿ ತೊಳೆದು, ಹಲ್ಲುಗಳ ಸಂದಿಯ ಕೊಳೆಯನ್ನ ಹಳೇ ಟೂತ್‌ಬ್ರಷ್‌ನಲ್ಲಿ ತೆಗೀರಿ. ಚಕ್ಕೆ ಹಾರಿದ್ದರೆ ಪುಟ್ಟಿ ಹಾಕಿ ಈಗಲೇ ಉಜ್ಜಿ, ಯಾಕಂದರೆ ಅಸಲಿನಲ್ಲಿ ಬಿಟ್ಟ ಕುಂದು ಪ್ರತಿ ನಕಲಿನಲ್ಲೂ ಬರುತ್ತೆ. ಪಕ್ಕದಲ್ಲಿ ಸ್ಕ್ರೂ ತೂತಿದ್ದರೆ ಮೇಣ ಅಥವಾ ಕ್ಲೇ ತುಂಬಿ ಮುಚ್ಚಿ, ಆಮೇಲೆ ಡ್ರಿಲ್ ಮಾಡಬಹುದು. ಶಾಫ್ಟಿನ ತೂತಿಗೆ ಅದೇ ಅಳತೆಯ ಲೋಹದ ಕಡ್ಡಿಯನ್ನ ವ್ಯಾಸಲೀನ್ ಸವರಿ ತೂರಿಸಿ, 1 ಸೆಂ.ಮೀ. ಹೊರಗೆ ಚಾಚಿಕೊಂಡಿರಲಿ. ಮೃದುವಾದ ಸಿಲಿಕೋನ್ ಕಡ್ಡಿ ಓರೆಯಾಗಬಹುದು, ಲೋಹದ್ದು ಆಗಲ್ಲ. ತೂತು ಓರೆಯಾದರೆ ನಾಬ್ ತಿರುಗಿಸುವಾಗ ಕುಂಟುತ್ತೆ.

ಪೆಟ್ಟಿಗೆ, ಲೆಕ್ಕ, ಮೊದಲ ಅರ್ಧ

ಸುತ್ತ ಒಂದೂವರೆ ಸೆಂ.ಮೀ. ಜಾಗ ಬೇಕು. ಹಾಗಾಗಿ ಒಳ ಅಳತೆ 7 ಸೆಂ.ಮೀ. ಉದ್ದ, 7 ಅಗಲ, 5 ಎತ್ತರದ ಪೆಟ್ಟಿಗೆ. ಅಕ್ರಿಲಿಕ್ ಹಾಳೆ, ಫೋಮ್ ಬೋರ್ಡ್, ಮಕ್ಕಳ ಪ್ಲಾಸ್ಟಿಕ್ ಬ್ಲಾಕ್, ಯಾವುದಾದರೂ ಸರಿ. ಗಾಜು ಬೇಡ, ಸಿಲಿಕೋನ್ ಗಾಜನ್ನ ಹಿಡಿದುಕೊಳ್ಳುತ್ತೆ. ಸಂದಿಗಳನ್ನ ಗ್ಲೂ ಗನ್‌ನಲ್ಲಿ ಮುಚ್ಚಿ.

ತಳಕ್ಕೆ ಒಂದೂವರೆ ಸೆಂ.ಮೀ. ದಪ್ಪ ಕ್ಲೇ ಹರಡಿ ಸಮ ಮಾಡಿ. ನಾಬ್‌ನ ಬೆನ್ನು ಕೆಳಗೆ ಮಾಡಿ, ಕಡ್ಡಿ ಕ್ಲೇಯೊಳಗೆ ಇಳಿಯೋ ಹಾಗೆ ಕೂರಿಸಿ. ಕ್ಲೇ ನಾಬ್‌ನ ಹಿಂದಿನ ಅಂಚಿಗೆ ಸಂದಿಯಿಲ್ಲದೆ ತಾಗಬೇಕು. ಅಚ್ಚಿನ ಎರಡು ಭಾಗ ಸೇರೋ ಗೆರೆ ಅಲ್ಲೇ ಬರೋದು, ರೇಡಿಯೋಗೆ ಹಾಕಿದ ಮೇಲೆ ಅದು ಯಾರಿಗೂ ಕಾಣಲ್ಲ. ನಾಲ್ಕು ಮೂಲೆಯ ಕ್ಲೇ ಮೇಲೆ ಪೆನ್ನಿನ ಮುಚ್ಚಳದಿಂದ ಗುಳಿ ಒತ್ತಿ. ಆ ಗುಳಿಗಳೇ ಮುಂದೆ ಎರಡು ಭಾಗಗಳನ್ನ ಸರಿಯಾದ ಜಾಗದಲ್ಲಿ ಹಿಡಿದಿಡೋದು.

ಈಗ ಲೆಕ್ಕ. ಕ್ಲೇ ಮೇಲೆ ಉಳಿದ ಎತ್ತರ 3.5 ಸೆಂ.ಮೀ. 7 × 7 × 3.5 ಅಂದರೆ ಸುಮಾರು 171 ಸಿ.ಸಿ. ನಾಬ್‌ನ 19 ಸಿ.ಸಿ. ಕಳೆದರೆ 152. ಸಿಲಿಕೋನ್‌ನ ಸಾಂದ್ರತೆ ಸುಮಾರು 1.15 ಹಿಡಿದರೆ 175 ಗ್ರಾಂ. ಹಾರ್ಡನರ್ ಶೇಕಡಾ 3 ಆದರೆ 5.25 ಗ್ರಾಂ. ಕಪ್ಪಿಗೆ ಅಂಟೋದಕ್ಕೆ ಅಂತ ಎರಡನ್ನೂ ಹತ್ತು ಶೇಕಡಾ ಹೆಚ್ಚಿಗೆ ತಗೊಳ್ಳಿ. ಒಂದೊಂದು ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ ಇಲ್ಲಿ ಸಾಲದು. 5 ಗ್ರಾಮಿನಲ್ಲಿ ಅರ್ಧ ಗ್ರಾಂ ತಪ್ಪಿದರೆ ಹತ್ತು ಶೇಕಡಾ ತಪ್ಪು. 0.1 ಗ್ರಾಂ ತೋರಿಸೋ ಸಣ್ಣ ತಕ್ಕಡಿ ಕೊಳ್ಳಿ.

ನಿಧಾನವಾಗಿ ಕಲಸಿ, ಅಂಚು ಮತ್ತು ತಳ ಕೆರೆದು, ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಸಿ. ಮೊದಲ ಕಪ್ಪಿನ ಮೂಲೆಯಲ್ಲಿ ಕಲಸದೆ ಉಳಿದಿದ್ದು ಅಚ್ಚಿಗೆ ಹೋಗದಿರಲಿ ಅಂತ ಇದು. ಮೊದಲು ಬ್ರಷ್‌ನಿಂದ ನಾಬ್ ಮೇಲೆ ತೆಳ್ಳಗೆ ಹಚ್ಚಿ, ಹಲ್ಲುಗಳ ಸಂದಿಗೆ ಒತ್ತಿ. ಆಮೇಲೆ ಪೆಟ್ಟಿಗೆಯ ಒಂದೇ ಮೂಲೆಗೆ, ಎತ್ತರದಿಂದ, ನೂಲಿನ ಹಾಗೆ ಸಣ್ಣ ಧಾರೆಯಲ್ಲಿ ಹೊಯ್ಯಿರಿ. ಧಾರೆ ತೆಳ್ಳಗಾದಾಗ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ನಾಬ್ ಮೇಲೆ ನೇರ ಹೊಯ್ಯಬೇಡಿ, ಸಿಲಿಕೋನ್ ತಾನಾಗಿ ಹರಿದು ಬಂದು ಮುಳುಗಿಸಲಿ. 24 ಗಂಟೆ ಬಿಡಿ.

ಎರಡನೇ ಅರ್ಧ

ಪೆಟ್ಟಿಗೆ ಮಗುಚಿ ಕ್ಲೇ ಪೂರ್ತಿ ತೆಗೀರಿ. ನಾಬ್ ಅಲ್ಲಾಡಿಸಬೇಡಿ, ಅದು ಮೊದಲ ಅರ್ಧದೊಳಗೆ ಹಾಗೇ ಇರಲಿ. ನಾಬ್‌ನ ಬೆನ್ನಿನ ಮೇಲೆ ಎರಡು ಸಣ್ಣ ಸ್ಟ್ರಾ ತುಂಡು ನಿಲ್ಲಿಸಿ. ಒಂದು ರೆಸಿನ್ ಹೊಯ್ಯೋಕೆ, ಇನ್ನೊಂದು ಗಾಳಿ ಹೊರಗೆ ಹೋಗೋಕೆ.

ಈ ಹೆಜ್ಜೆಯಲ್ಲಿ ಮರೆಯಬಾರದ ಒಂದೇ ವಿಷಯ ವ್ಯಾಸಲೀನ್. ಸಿಲಿಕೋನ್ ಬೇರೆ ಹೆಚ್ಚಿನ ವಸ್ತುಗಳಿಗೆ ಅಷ್ಟಾಗಿ ಅಂಟಲ್ಲ, ಆದರೆ ಸಿಲಿಕೋನ್‌ಗೆ ಬಿಡಿಸೋಕೆ ಆಗದ ಹಾಗೆ ಅಂಟುತ್ತೆ. ಮೊದಲ ಅರ್ಧದ ಇಡೀ ಮೇಲ್ಮೈಗೆ, ಗುಬ್ಬೆಗಳ ಸುತ್ತ, ತೆಳ್ಳಗೆ ಬ್ರಷ್‌ನಲ್ಲಿ ಸವರಿ. ಸಕ್ಕರೆ ಅಚ್ಚಿನಲ್ಲಿ ನೀರು ಮಾಡೋ ಕೆಲಸವನ್ನ ಇಲ್ಲಿ ವ್ಯಾಸಲೀನ್ ಮಾಡುತ್ತೆ. ಈ ಅರ್ಧಕ್ಕೆ 7 × 7 × 1.5, ಅಂದರೆ ಸುಮಾರು 85 ಗ್ರಾಂ ಸಿಲಿಕೋನ್, 2.5 ಗ್ರಾಂ ಹಾರ್ಡನರ್. ಮತ್ತೆ 24 ಗಂಟೆ.

ಬಿಡಿಸಿ ನಾಬ್ ಹೊರಗೆ ತೆಗೀರಿ. ಅಸಲು ಹಾಗೇ ಇದೆ, ಅದನ್ನ ರೇಡಿಯೋಗೆ ಹಾಕಿಬಿಡಿ. ಅಚ್ಚನ್ನ ಒಂದೆರಡು ದಿನ ತೆರೆದಿಡಿ. ತವರದ ಸಿಲಿಕೋನ್ ಗಟ್ಟಿಯಾಗುವಾಗ ಬಿಡೋ ಆಲ್ಕೋಹಾಲ್ ಪೂರ್ತಿ ಆರಲಿ.

ಯಾವ ರೆಸಿನ್

ಫೈಬರ್‌ಗ್ಲಾಸ್ ಅಂಗಡಿಯವರು ಮೊದಲು ತೋರಿಸೋದು ಜಿಪಿ ರೆಸಿನ್, ಅಂದರೆ ಪಾಲಿಯೆಸ್ಟರ್. ಅಗ್ಗ, ಬೇಗ ಆಗುತ್ತೆ. ಆದರೆ ಸ್ಟೈರೀನ್ ವಾಸನೆ ಇಡೀ ಅಪಾರ್ಟ್‌ಮೆಂಟ್ ಮಹಡಿಗೆ ಹಬ್ಬುತ್ತೆ, ಬೇಗ ಹೊತ್ತಿಕೊಳ್ಳುತ್ತೆ, ಕುಗ್ಗೋದೂ ಹೆಚ್ಚು. ಅದರ ಜೊತೆ ಕೋಬಾಲ್ಟ್ ಮತ್ತು ಎಂಇಕೆಪಿ ಕ್ಯಾಟಲಿಸ್ಟ್ ಅಂತ ಎರಡು ಸಣ್ಣ ಬಾಟಲಿ ಕೊಡ್ತಾರೆ. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಬೆಂಕಿ ಹೊತ್ತಬಹುದು, ಸಿಡಿಯಬಹುದು. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗೋ ಅಪಾಯ. ಮಕ್ಕಳಿರೋ ಫ್ಲ್ಯಾಟ್‌ನಲ್ಲಿ ಇದು ಬೇಡ ಅನ್ನೋದು ನನ್ನ ಸಲಹೆ.

ಪಾಲಿಯುರೆಥೇನ್ ಬಗ್ಗೆ ಆಗಲೇ ಹೇಳಿದೆ. ಮೊದಲ ನಾಬ್‌ಗೆ ಎಪಾಕ್ಸಿ ತಗೊಳ್ಳಿ. ನಿಧಾನ, ಒಂದು ದಿನ ಬೇಕು, ಆದರೆ ಕುಗ್ಗೋದು ಕಡಿಮೆ, ವಾಸನೆ ಕಡಿಮೆ. ವಾಸನೆ ಕಡಿಮೆ ಅಂತ ಬರಿಗೈಯಲ್ಲಿ ಮುಟ್ಟಬೇಡಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗುತ್ತೆ, ಒಮ್ಮೆ ಶುರುವಾದರೆ ಜನ್ಮಕ್ಕೆ ಉಳಿಯಬಹುದು. ನೈಟ್ರೈಲ್ ಗ್ಲೌಸ್, ಕನ್ನಡಕ, ತೆರೆದ ಕಿಟಕಿ ಅಥವಾ ಬಾಲ್ಕನಿ, ಅಡುಗೆಗೆ ಬಳಸದ ಕಪ್ಪು ಮತ್ತು ಚಮಚ. ಮಿಕ್ಕಿದ್ದನ್ನ ಸಿಂಕಿಗೆ ಸುರೀಬೇಡಿ. ಕಪ್ಪಿನಲ್ಲೇ ಗಟ್ಟಿಯಾಗೋಕೆ ಬಿಟ್ಟು ಆಮೇಲೆ ಎಸೀರಿ.

ನಮ್ಮ ನಾಬ್‌ಗೆ 21 ಗ್ರಾಂ ಬೇಕು, ಹೊಯ್ಯೋ ದಾರಿಗೂ ಸೇರಿ 30 ಗ್ರಾಂ. ಅನುಪಾತ 2ಕ್ಕೆ 1 ಆದರೆ 20 ಗ್ರಾಂ ರೆಸಿನ್, 10 ಗ್ರಾಂ ಹಾರ್ಡನರ್. ಆ ಅನುಪಾತ ತೂಕದ್ದೋ ಅಳತೆ ಲೋಟದ್ದೋ ಅಂತ ಲೇಬಲ್ ಓದಿ, ಎರಡೂ ಬೇರೆ ಬೇರೆ. ಹಳೇ ಕಂದು ಬೇಕಲೈಟ್ ಬಣ್ಣಕ್ಕೆ ರೆಸಿನ್ ಪಿಗ್ಮೆಂಟ್ ಪೇಸ್ಟ್ ಚೂರೇ ಚೂರು ಸಾಕು. ನೀರಿನ ಬಣ್ಣ ಹಾಕಬೇಡಿ.

ಅಚ್ಚಿನೊಳಗೆ ಬೇಬಿ ಪೌಡರ್ ಚಿಮುಕಿಸಿ ಊದಿಬಿಡಿ, ರೆಸಿನ್ ಸಣ್ಣ ಸಂದಿಗೂ ಹರಿಯುತ್ತೆ. ಕಡ್ಡಿಗೆ ಮತ್ತೆ ವ್ಯಾಸಲೀನ್ ಸವರಿ ಅದರ ಜಾಗದಲ್ಲಿ ಕೂರಿಸಿ. ಮೊದಲು ಕೆಳಗಿನ ಅರ್ಧಕ್ಕೆ ಸ್ವಲ್ಪ ರೆಸಿನ್ ಹಾಕಿ, ಹಲ್ಲುಗಳ ಸಂದಿಯಲ್ಲಿ ಟೂತ್‌ಪಿಕ್ ಆಡಿಸಿ ಗುಳ್ಳೆ ಎಬ್ಬಿಸಿ. ಆಮೇಲೆ ಮುಚ್ಚಿ, ಎರಡೂ ಕಡೆ ಹಲಗೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಜೋರಾಗಿ ಬಿಗಿದರೆ ನಾಬ್ ಮೊಟ್ಟೆಯ ಆಕಾರಕ್ಕೆ ಬರುತ್ತೆ, ಅಲ್ಲಾಡದಷ್ಟು ಬಿಗಿ ಸಾಕು. ಉಳಿದಿದ್ದನ್ನ ತೂತಿನಿಂದ ಹೊಯ್ಯಿರಿ, ಇನ್ನೊಂದು ತೂತಿನಲ್ಲಿ ರೆಸಿನ್ ಕಾಣೋವರೆಗೆ. ಮುಖ ಕೆಳಗಿರೋದರಿಂದ ಉಳಿದ ಗುಳ್ಳೆ ಬೆನ್ನಿನ ಕಡೆಗೆ ಏರುತ್ತೆ.

ಮಾರನೇ ದಿನ ಬಿಡಿಸಿ, ಕಡ್ಡಿ ತಿರುಗಿಸಿ ಎಳೆದು, ಹೊಯ್ದ ದಾರಿಯ ಮೊಳೆಗಳನ್ನ ಗರಗಸದಿಂದ ಕತ್ತರಿಸಿ. ನೀರು ಹಾಕಿ 400, 800, 1200 ನಂಬರಿನ ಉಜ್ಜು ಕಾಗದದಲ್ಲಿ ಬೆನ್ನು ಮಾತ್ರ ಉಜ್ಜಿ. ಮುಖ ಮುಟ್ಟಬೇಡಿ, ಅಸಲಿನ ಹೊಳಪು ಅಲ್ಲಿ ತಾನಾಗಿ ಬಂದಿರುತ್ತೆ. ತೂತು ಬಿಗಿ ಅನ್ನಿಸಿದರೆ 6 ಮಿ.ಮೀ. ಡ್ರಿಲ್ ಬಿಟ್ಟನ್ನ ಕೈಯಲ್ಲೇ ತಿರುಗಿಸಿ ಸ್ವಲ್ಪ ಹಿಗ್ಗಿಸಿ.

ಕೊನೆಯದಾಗಿ, ನಮ್ಮ ವೃತ್ತಿಯವರಿಗೆ ಬೇಗ ಅರ್ಥ ಆಗೋ ಮಾತು: ಬ್ಯಾಕಪ್. ಅಚ್ಚು ಹೊಸದಿರುವಾಗಲೇ ಒಂದರ ಬದಲು ಮೂರು ಹೊಯ್ದಿಡಿ. ತವರದ ಅಚ್ಚು ಕೆಲವು ವರ್ಷದಲ್ಲಿ ಹರಿಯುತ್ತೆ, ಆದರೆ ಹೊಯ್ದ ನಾಬ್ ಡಬ್ಬಿಯಲ್ಲಿ ಉಳಿಯುತ್ತೆ. ಊರಿನ ಮನೆಯಲ್ಲಿ ಇಂಥ ಜೋಡಿ ಸಾಮಾನು ಏನಿದೆ ಅಂತ ಮುಂದಿನ ಸಲ ಹೋದಾಗ ನೋಡಿ. ಒಂದು ಹೋಗಿದ್ದರೆ ಇನ್ನೊಂದನ್ನ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ಇಲ್ಲಿಗೆ ತನ್ನಿ, ಲಗೇಜಿಗೆ ಹಾಕಬೇಡಿ. ಎರಡೂ ಕಳೆದ ಮೇಲೆ ಅಚ್ಚು ತೆಗೆಯೋಕೆ ಏನೂ ಇರಲ್ಲ.